ಏಳು ಅಂದರೆ ಏಳಲ್ಲ

ಮದ್ದೂರು ಪೇಟೆಯಲ್ಲಿ ನನಗೆ ಎರಡು ಕಾರಣಕ್ಕೆ ಹೆಸರಿತ್ತು. ಒಂದು, ಶಾಲೆಯಲ್ಲಿ ಕನ್ನಡ ಪಾಠ ಹೇಳುವ ಬೋರೇಗೌಡ ಮೇಷ್ಟ್ರು ಎಂದು. ಇನ್ನೊಂದು, ನಾನು ಬರುವುದು ಕಂಡರೆ ಅಂಗಡಿಯವರು ಒಳಗೆ ಹೋಗಿ ಒಂದು ಚೊಂಬು ನೀರು ಕುಡಿದು ಬರುತ್ತಾರೆ ಎಂದು. ಚೌಕಾಸಿ ನನ್ನ ಪಾಲಿಗೆ ಬರಿಯ ಕಾಸು ಉಳಿಸುವ ಕೆಲಸವಾಗಿರಲಿಲ್ಲ. ಅದೊಂದು ವಿದ್ಯೆ. ವಿದ್ಯೆ ಎಂದ ಮೇಲೆ ಸೂತ್ರಗಳು ಇರಲೇಬೇಕಲ್ಲ! ಬೇಕಾದ ವಸ್ತುವಿನ ಕಡೆ ಕಣ್ಣೆತ್ತಿ ನೋಡಬಾರದು. ಬೆಲೆ ಕೇಳಿದ ಕೂಡಲೇ ನಕ್ಕುಬಿಡಬೇಕು. ಮೊದಲು ಬಾಯಿಬಿಟ್ಟವನು ಸೋತ. ಬೆಲೆ ಕುದುರಿದ ಮೇಲೂ, ಪುಕ್ಕಟೆಯಾಗಿ ಮೇಲಿಷ್ಟು ಕೊಸರು ಕೇಳದೆ ಬಿಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಸರಿಯಾದ ಗಳಿಗೆ ನೋಡಿ ಎದ್ದು ಹೊರಡಬೇಕು. ಎದ್ದು ಹೊರಟವನನ್ನು ಅಂಗಡಿಯವನು ಕರೆದೇ ಕರೆಯುತ್ತಾನೆ.

ಈ ವಿದ್ಯೆಯ ಮೇಲೆ ನನ್ನ ಹೆಂಡತಿ ತಾಯಮ್ಮನಿಗೆ ಎಳ್ಳಷ್ಟೂ ಗೌರವ ಇರಲಿಲ್ಲ. ಅದಕ್ಕೆ ಕಾರಣವೂ ಇತ್ತೆನ್ನಿ. ಹಿಂದೊಮ್ಮೆ ಅರ್ಧ ಬೆಲೆಗೆ ಗೆದ್ದು ತಂದ ಕೆಂಪು ಸೀರೆ ಮೊದಲ ಒಗೆತಕ್ಕೇ ತನ್ನ ಬಣ್ಣವನ್ನೆಲ್ಲ ನನ್ನ ಪಂಚೆಗಳಿಗೆ ದಾನ ಮಾಡಿತು. ನಾನು ಗುಲಾಬಿ ಪಂಚೆ ಉಟ್ಟು ಪಾಠ ಹೇಳಿದೆ. ನನ್ನ ಕಥೆ ಅಲ್ಲಿಗೆ ಮುಗಿಯಿತು. ಅವಳದು ಮುಗಿಯಲಿಲ್ಲ. ಆ ಬೆಳ್ಳಗಾದ ಸೀರೆ ಉಟ್ಟುಕೊಂಡೇ ಅವಳು ಮಳವಳ್ಳಿಯ ತವರಿಗೆ ಒಂದು ಮದುವೆಗೆ ಹೋಗಿದ್ದಳು. ಅವಳ ಅವ್ವ ಒಂದು ಮಾತೂ ಆಡದೆ, ತನ್ನ ಪೆಟ್ಟಿಗೆಯಿಂದ ಒಂದು ಸೀರೆ ತೆಗೆದು ಮಗಳ ಕೈಗಿಟ್ಟಳಂತೆ. ಬೈದಿದ್ದರೆ ತಾಯಮ್ಮ ಮರೆತುಬಿಡುತ್ತಿದ್ದಳು. ಬೈಯದೆ ಕೊಟ್ಟ ಸೀರೆಯನ್ನು ಅವಳು ಮರೆಯಲೇ ಇಲ್ಲ.

ಈಗ ಅವಳ ಸ್ವಂತ ತಮ್ಮನ ಮದುವೆ ಬಂತು. ಹಿಂದಿನ ತಿಂಗಳು ಮಂಡ್ಯಕ್ಕೆ ಹೋಗಿದ್ದಾಗ ಪೇಟೆಬೀದಿಯ ಶೆಟ್ಟರ ಅಂಗಡಿಯಲ್ಲಿ ಅವಳು ಒಂದು ಸೀರೆ ನೋಡಿದ್ದಳು. ಗಿಣಿಹಸಿರು ಒಡಲು, ಕುಂಕುಮದ ಬಣ್ಣದ ರೇಷ್ಮೆ ಅಂಚು. ಅಂಗಡಿಯಲ್ಲಿ ಬೆಲೆ ಕೇಳಿಕೊಂಡಳು, ಅಷ್ಟೆ. ಮನೆಗೆ ಬಂದು ಎಮ್ಮೆಯ ಹಾಲಿನ ಬೆಣ್ಣೆ ಮಾರತೊಡಗಿದಳು. ನಮ್ಮ ಮನೆಯ ಮುದ್ದೆಗೆ ಬೆಣ್ಣೆ ಬೀಳುವುದು ಯಾಕೆ ನಿಂತಿತು ಎಂದು ನನಗೆ ತಿಳಿದದ್ದು, ಅವಳು ಸೆರಗಿನ ಗಂಟು ಬಿಚ್ಚಿ ಹನ್ನೆರಡು ರೂಪಾಯಿ ನನ್ನ ಕೈಗೆ ಹಾಕಿದಾಗ.

"ಅಸ ಇವತ್ತೋ ನಾಳೆಯೋ ಕರ ಆಕೋ ಅಂಗದೆ. ನಾನು ಬರಕಾಗಕಿಲ್ಲ," ಎಂದಳು. "ಅಕ್ಕನ್ನ ಕರ್ಕಂಡು ನೀವೇ ಓಗಿ ಬನ್ನಿ. ಸೆಟ್ರು ಅನ್ನೆರಡು ಅಂದವ್ರೆ. ಅನ್ನೆರಡು ಕೊಟ್ಟು ತಂದ್ಬುಡಿ."

"ಹನ್ನೆರಡಾ? ಎಂಟಕ್ಕೆ ತಂದು ಮಿಕ್ಕಿದ್ದರಲ್ಲಿ ಬಳೆಯನ್ನೂ ತರುತ್ತೇನೆ ನೋಡು!"

"ಬಳೆ ಬ್ಯಾಡ. ಸೀರೆ ಬೇಕು." ಅವಳು ನನ್ನ ಮುಖವನ್ನೇ ನೋಡಿದಳು. "ನಾನು ಈಗಂಟ ನಿಮ್ಮನ್ನ ಇದು ಬೇಕು ಅಂತ ಕೇಳಿದ್ನಾ? ಇದೊಂದ್ಸಲ ಚೌಕಾಸಿ ಮಾಡ್ಬ್ಯಾಡಿ."

ಆಗಲಿ ಎಂದೆ. ಹೆಂಡತಿಯ ಎದುರು ಆಗಲಿ ಎನ್ನುವುದಕ್ಕೂ ಅಂಗಡಿಯವನ ಎದುರು ಆಗಲಿ ಎನ್ನುವುದಕ್ಕೂ ವ್ಯತ್ಯಾಸವಿದೆ ಎಂದು ಮನಸ್ಸಿನಲ್ಲೇ ಸಮಾಧಾನ ಮಾಡಿಕೊಂಡೆ.

ಅಕ್ಕ ಎಂದರೆ ನನ್ನ ಒಡಹುಟ್ಟಿದ ಕೆಂಪಕ್ಕ. ಹಲಗೂರಿಗೆ ಕೊಟ್ಟವಳು, ಹಸುವಿನ ಬಾಣಂತನಕ್ಕೆ ಸಹಾಯವಾಗಲೆಂದು ನಮ್ಮ ಮನೆಗೆ ಬಂದಿದ್ದಳು. ಒಳ್ಳೆಯ ಹೆಂಗಸು. ಆದರೆ ಅವಳ ಬಾಯಲ್ಲಿ ಹಕಾರ ಎಂಬುದು ಹುಟ್ಟಿಯೇ ಇರಲಿಲ್ಲ. ಹಾಗೆ ನೋಡಿದರೆ ನಮ್ಮ ಸೀಮೆಯಲ್ಲಿ ಯಾರ ಬಾಯಲ್ಲೂ ಅದು ಇಲ್ಲ. ಹಾಲು ಎಂದರೆ ಆಲು, ಹಳ್ಳಿ ಎಂದರೆ ಅಳ್ಳಿ, ಹಲಗೂರೇ ಅಲಗೂರು. ನಾನು ಶಾಲೆಯಲ್ಲಿ ವರ್ಷವಿಡೀ ಹಕಾರದ ಪರವಾಗಿ ಹೋರಾಡುತ್ತಿದ್ದೆ. ಮಕ್ಕಳು ನನ್ನ ಎದುರಿಗೆ "ಹಾಲು" ಎಂದು ಎದೆಯಿಂದ ಉಸಿರು ತೆಗೆದು ಹೇಳಿ, ಬಾಗಿಲು ದಾಟಿದ ಕೂಡಲೇ "ಆಲು" ಕುಡಿಯಲು ಓಡುತ್ತಿದ್ದರು.

ರೈಲಿನಲ್ಲಿ ನಾನು ಅಕ್ಕನಿಗೆ ವಿದ್ಯೋಪದೇಶ ಮಾಡಿದೆ. "ನೋಡಕ್ಕ, ನಾನು ಕಿವಿ ತುರಿಸಿಕೊಳ್ಳುತ್ತೇನೆ. ಕೂಡಲೇ ನೀನು 'ಏಳು' ಅನ್ನು. ನಾನು ಎದ್ದುಬಿಡುತ್ತೇನೆ. ಶೆಟ್ಟರು ಹೆದರಿ ಬೆಲೆ ಇಳಿಸುತ್ತಾರೆ."

"ಯಾಕ್ಲಾ ಬೋರ, ನಾವು ಸೀರೆ ತರಕ್ಕೆ ಓಯ್ತಿದ್ದೀವೋ, ಎದ್ದು ಬರಕ್ಕೆ ಓಯ್ತಿದ್ದೀವೋ?"

"ಎದ್ದರೇ ಸೀರೆ ಬರುವುದು."

"ನಿನ್ನ ಎಂಡ್ರು ಕುಂತೇ ತತ್ತಿದ್ಲು," ಎಂದು ಅಕ್ಕ ಕಿಟಕಿಯ ಕಡೆ ತಿರುಗಿದಳು. ಹೊರಗೆ ಕಬ್ಬಿನ ಗದ್ದೆಗಳು ಓಡುತ್ತಿದ್ದವು. ಕಾಲುವೆ ನೀರು ಬಂದು, ಸಕ್ಕರೆ ಕಾರ್ಖಾನೆ ಎದ್ದ ಮೇಲೆ ಮಂಡ್ಯದಲ್ಲಿ ದುಡ್ಡು ಓಡಾಡುತ್ತಿತ್ತು. ದುಡ್ಡು ಓಡಾಡುವ ಊರಿನಲ್ಲಿ ಚೌಕಾಸಿ ಮಾಡುವುದು ಕಷ್ಟ. ಹಾಗಾಗಿ ನನಗೆ ಇನ್ನಷ್ಟು ಹುಮ್ಮಸ್ಸು ಬಂತು.

ಸ್ಟೇಷನ್ನಿನಿಂದ ಜಟಕಾ ಮಾಡಿಕೊಂಡು ಪೇಟೆಬೀದಿಗೆ ಹೋದೆವು. ಜಟಕಾದವನಿಗೆ ಅಲ್ಲೇ ಕಾಯಲು ಹೇಳಿ ಅಂಗಡಿ ಹೊಕ್ಕೆವು. ಬಿಳಿಯ ಹಾಸಿನ ಮೇಲೆ ಶೆಟ್ಟರು, ಗಲ್ಲಾಪೆಟ್ಟಿಗೆಯ ಬಳಿ ಅವರ ಅಳಿಯ ಕೂತಿದ್ದರು. ಮೂಲೆಯಲ್ಲಿ ದಪ್ಪ ಮೂಗುಬೊಟ್ಟಿನ ಗೌಡತಿಯೊಬ್ಬರು ಎಲೆ ಅಡಿಕೆ ಹಾಕಿಕೊಂಡು, ಎರಡು ಸೀರೆ ಮುಂದೆ ಹರವಿಕೊಂಡು ಯೋಚನೆ ಮಾಡುತ್ತಿದ್ದರು.

ನಾನು ಮೊದಲನೆಯ ಸೂತ್ರದಂತೆ ಹಸಿರು ಸೀರೆಯ ಕಡೆ ನೋಡಲೇ ಇಲ್ಲ. ಒಂದು ಕಾಫಿಪುಡಿ ಬಣ್ಣದ ಸೀರೆಯನ್ನು ಎತ್ತಿ, ಬೆಳಕಿಗೆ ಹಿಡಿದು, ಗಂಭೀರವಾಗಿ ಪರೀಕ್ಷಿಸಿದೆ.

"ಅದು ಬಿಡಿ ಮೇಷ್ಟ್ರೇ," ಎಂದರು ಶೆಟ್ಟರು. "ಹೋದ ತಿಂಗಳು ಅಮ್ಮನೋರು ನೋಡಿಹೋದರಲ್ಲ, ಆ ಹಸಿರು ಸೀರೆ. ತೆಗೆದಿಟ್ಟಿದ್ದೀನಿ."

"ಯಾವ ಹಸಿರು ಸೀರೆ?" ಎಂದೆ.

"ಅದೇ ಕಣ್ಲಾ, ನಿನ್ನ ಎಂಡ್ರು ನನ್ನ ತಾವ ಮೂರೊತ್ತೂ ಅದರದೇ ಮಾತಾಡ್ತಿದ್ಲಲ್ಲ," ಎಂದಳು ಅಕ್ಕ.

ಮೊದಲನೆಯ ಸೂತ್ರ ಅಲ್ಲಿಗೆ ಮಣ್ಣುಪಾಲಾಯಿತು. ಶೆಟ್ಟರು ಸೀರೆ ಬಿಡಿಸಿ ಹಾಸಿದರು. ನಿಜ ಹೇಳಬೇಕೆಂದರೆ, ಬಹಳ ಚೆನ್ನಾಗಿತ್ತು. ತಾಯಮ್ಮ ಅದನ್ನು ಉಟ್ಟು ತನ್ನ ಅವ್ವನ ಮುಂದೆ ನಿಂತ ಹಾಗೆ ಕಣ್ಣಿಗೆ ಕಟ್ಟಿತು. ಆದರೂ ವಿದ್ಯೆ ವಿದ್ಯೆಯೇ. "ಬೆಲೆ?" ಎಂದೆ.

"ಹನ್ನೆರಡು."

ನಗಬೇಕಾಗಿತ್ತು, ನಕ್ಕೆ. "ಯಾಕ್ಲಾ ಕೆಮ್ತೀಯ? ನೀರು ಬೇಕಾ?" ಎಂದಳು ಅಕ್ಕ.

"ನಿಮ್ಮ ಮನಸ್ಸಿನಲ್ಲಿ ಎಷ್ಟಿದೆ, ನೀವೇ ಒಂದು ಮಾತು ಹೇಳಿ ಮೇಷ್ಟ್ರೇ," ಎಂದರು ಶೆಟ್ಟರು. ಮೊದಲು ಬಾಯಿಬಿಟ್ಟವನು ಸೋತ ಎಂಬುದು ಅವರಿಗೂ ಗೊತ್ತಿರಬೇಕು. ನಾನು ಸುಮ್ಮನೆ ಕೂತೆ. ಅವರೂ ಸುಮ್ಮನೆ ಕೂತರು. ಗೌಡತಿ ಎಲೆ ಅಡಿಕೆ ಅಗಿಯುವ ಸದ್ದು ಬಿಟ್ಟರೆ ಅಂಗಡಿಯಲ್ಲಿ ಬೇರೆ ಸದ್ದಿಲ್ಲ. ನನ್ನ ಮೌನ ಶೆಟ್ಟರನ್ನು ಕರಗಿಸುತ್ತಿದೆ ಎಂದು ನನಗೆ ಖಾತ್ರಿಯಾಗುತ್ತಿರುವಾಗಲೇ ಅಕ್ಕನಿಗೆ ತಾಳ್ಮೆ ಕೆಟ್ಟಿತು. ಅವಳು ನನ್ನ ಭುಜ ತಿವಿದು ಗಟ್ಟಿಯಾಗಿ ಹೇಳಿದಳು:

"ಏಳು!"

ಇಲ್ಲಿ ಓದುಗರು ಒಂದು ಗಳಿಗೆ ನಿಲ್ಲಬೇಕು. ಆ ಅಂಗಡಿಯಲ್ಲಿ ಆಗ ನಾವು ಮೂರು ಜನ ವ್ಯವಹಾರದಲ್ಲಿ ಇದ್ದೆವು. ಅಕ್ಕ ಹೇಳಿದ್ದು, 'ಅವರು ಕೇಳುತ್ತಿದ್ದಾರೆ, ಒಂದು ಬೆಲೆ ಹೇಳು' ಎಂದು. ನಾನು ಕೇಳಿಸಿಕೊಂಡದ್ದು, ರೈಲಿನಲ್ಲಿ ಮಾತಾಡಿಕೊಂಡಿದ್ದ ಸಂಕೇತ, ಎದ್ದು ನಿಂತುಬಿಟ್ಟೆ. ಶೆಟ್ಟರು ಕೇಳಿಸಿಕೊಂಡದ್ದು ಏಳು ರೂಪಾಯಿ.

"ಏಳಾ! ಏಳಕ್ಕೆ ಇದರ ಅಂಚೂ ಬರಲ್ಲ ತಾಯಿ," ಎಂದರು ಶೆಟ್ಟರು.

"ನಾನು ಯಾವಾಗ ಏಳು ಅಂದೆ?" ಎಂದಳು ಅಕ್ಕ. "ಏಳು ಅಂದೆ, ಅಷ್ಟೆ."

"ಅದೇ ತಾಯಿ. ಏಳು."

"ಅಯ್, ಏಳು ಅಲ್ಲ ಕಣಪ್ಪ, ಏಳು!" ಎಂದು ನನ್ನ ಕಡೆ ತಿರುಗಿ, "ನೀನ್ಯಾಕ್ಲಾ ಎದ್ದೆ?" ಎಂದಳು.

"ನೀನೇ ಏಳು ಅಂದೆಯಲ್ಲ."

"ಏಳು ಅಂದ್ರೆ ಏಳು ಅಂತ ಅಲ್ಲ ಕಣ್ಲಾ. ಏಳು ಅಂತ!"

ನಾನು ಕೂತೆ. ಮೌನದಿಂದ ಗೆಲ್ಲಬೇಕಾಗಿದ್ದ ಯುದ್ಧದಲ್ಲಿ ನಮ್ಮ ಕಡೆಯಿಂದಲೇ ಏಳು ರೂಪಾಯಿ ಬಾಯಿಬಿಟ್ಟ ಹಾಗಾಗಿತ್ತು. ಶುರುಮಾಡಲು ನನ್ನ ಮನಸ್ಸಿನಲ್ಲಿ ಇದ್ದದ್ದು ಐದು. ಶೆಟ್ಟರು ಉತ್ಸಾಹದಿಂದ, "ಏಳು ಅಂದವರು ಇನ್ನೂ ಸ್ವಲ್ಪ ಏಳಿ. ಹನ್ನೊಂದಕ್ಕೆ ಮಾಡ್ಕೊಡ್ತೀನಿ," ಎಂದರು. ಆಗಲೇ ಒಂದು ರೂಪಾಯಿ ಇಳಿದಿತ್ತು. ಬುದ್ಧಿವಂತನಾದವನು ಸುಮ್ಮನೆ ಕೊಟ್ಟು ಹೊರಡುತ್ತಿದ್ದ. ನಾನು ವಿದ್ಯಾವಂತ, ಕಿವಿ ತುರಿಸಿಕೊಂಡೆ.

ಅಕ್ಕ ಸುಮ್ಮನಿದ್ದಳು. ಮತ್ತೆ ತುರಿಸಿಕೊಂಡೆ. ಇನ್ನೊಂದು ಕಿವಿಯನ್ನೂ ತುರಿಸಿಕೊಂಡೆ.

"ಕಿವಿಗೆ ಏನಾಯ್ತ್ಲಾ? ಮನೇಗೋದ್ಮೇಲೆ ಎಣ್ಣೆ ಬುಡ್ತೀನಿ ಬುಡು," ಎಂದಳು.

ಇನ್ನು ಇವಳನ್ನು ನಂಬಿ ಪ್ರಯೋಜನವಿಲ್ಲವೆಂದು ನಾನೇ ಎದ್ದು ಹೊರಗೆ ನಡೆದೆ. "ಬಾಕ್ಕ, ಬೇರೆ ಅಂಗಡಿ ನೋಡೋಣ," ಎಂದು ಅಂಗಡಿಯೆಲ್ಲ ಕೇಳುವ ಹಾಗೆ ಹೇಳಿದೆ. ಅಕ್ಕ ಗೊಣಗುತ್ತ ಬಂದು ಜಟಕಾ ಹತ್ತಿ ಕೂತಳು. ನಾನು ಬಾಗಿಲ ಮುಂದೆ ಬಗ್ಗಿ ಚಪ್ಪಲಿಯ ಬಾರು ಸರಿಮಾಡಿಕೊಳ್ಳತೊಡಗಿದೆ. ಕರೆಯಲು ಶೆಟ್ಟರಿಗೆ ಸಮಯ ಕೊಡಬೇಕಲ್ಲ. ಬಾರು ಸರಿಯಾಗಿಯೇ ಇತ್ತು. ಬಿಚ್ಚಿದೆ, ಹಾಕಿದೆ, ಮತ್ತೆ ಬಿಚ್ಚಿದೆ. ಶೆಟ್ಟರು ಬಾಗಿಲಿಗೆ ಬಂದರು, ಆದರೆ ಕರೆಯಲಿಲ್ಲ. ನನ್ನ ಬಾರಿನ ಕೆಲಸವನ್ನು ನೋಡುತ್ತ ನಿಂತರು. ಜಟಕಾದೊಳಗೆ ಅಕ್ಕನಿಗೆ ಬಿಸಿಲು ಬಡಿಯುತ್ತಿತ್ತು.

"ಅತ್ತು, ಅತ್ತು! ಎಷ್ಟೊತ್ಗಂಟ ನಿಂತ್ಕಂಡಿದ್ದೀಯ?" ಎಂದು ಕೂಗಿದಳು.

"ಹತ್ತಾ?" ಶೆಟ್ಟರ ಮುಖ ಅರಳಿತು. "ಆಯ್ತು ತಾಯಿ, ನಿಮ್ಮ ಮಾತಿಗೆ ಇಲ್ಲ ಅನ್ನಲ್ಲ. ಹತ್ತಕ್ಕೇ ತಗೊಳ್ಳಿ. ಬನ್ನಿ ಮೇಷ್ಟ್ರೇ, ಕಟ್ಟಿಬಿಡ್ತೀನಿ."

ಹನ್ನೆರಡಕ್ಕೆ ಹೇಳಿದ ಸೀರೆ ಹತ್ತಕ್ಕೆ ಬಂದಿತ್ತು. ಎರಡು ರೂಪಾಯಿ ಉಳಿದಿತ್ತು. ಈ ಭೂಮಿಯ ಮೇಲೆ ಯಾವ ಗಂಡನೂ ಆ ಗಳಿಗೆಯಲ್ಲಿ ಬೇರೆ ಯೋಚನೆ ಮಾಡುತ್ತಿರಲಿಲ್ಲ. ಆದರೆ ನಾನು ಗಂಡನಾಗುವ ಮುಂಚೆ ಮೇಷ್ಟ್ರಾಗಿದ್ದವನು. ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು: ನಾನು ಹತ್ತು ಎಂದಿಲ್ಲ! ಅಕ್ಕ ಎಂದಿದ್ದೂ ಹತ್ತು ಅಲ್ಲ!

"ಶೆಟ್ಟರೇ, ತಪ್ಪು ತಿಳಿದುಕೊಂಡಿದ್ದೀರಿ. ಅದು ಸಂಖ್ಯಾವಾಚಕವಲ್ಲ. ಕ್ರಿಯಾಪದ."

"ಏನಂದ್ರಿ?"

"ನಮ್ಮಕ್ಕ ಹೇಳಿದ್ದು ಜಟಕಾ ಹತ್ತು ಅಂತ. ವಿಧ್ಯರ್ಥ ರೂಪ. ಆಜ್ಞೆ. ಬೆಲೆಯಲ್ಲ."

"ಊ ಕಣ್ ಸೆಟ್ರೇ, ಅಮ್ಮ ನನ್ನ ಗಾಡಿ ಅತ್ತಕ್ಕೇ ಅಂದಿದ್ದು," ಎಂದು ಜಟಕಾದವನು ಸಾಕ್ಷಿ ಹೇಳಿದ.

"ಸ್ವಾಮಿ, ಈ ಸೀಮೆಯಲ್ಲಿ ಹತ್ತು ಅನ್ನೋರು ಯಾರಿದ್ದಾರೆ? ಎಲ್ಲರೂ ಅತ್ತು ಅಂತಲೇ ಅನ್ನೋದು," ಎಂದರು ಶೆಟ್ಟರು. "ಹುಟ್ಟಿದಾಗಿನಿಂದ ಅತ್ತು ಅಂದ್ರೆ ಹತ್ತು ರೂಪಾಯಿ ಅಂತಲೇ ವ್ಯಾಪಾರ ಮಾಡಿದ್ದೀನಿ."

ಇದನ್ನು ಕೇಳಿದ ಮೇಲೆ ಸುಮ್ಮನಿರಲು ನನ್ನಿಂದ ಸಾಧ್ಯವೇ? ಜಟಕಾದ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಶುರುಮಾಡಿದೆ. ಒಂದು ಹಕಾರ ಬಿದ್ದುಹೋದರೆ ಏನೇನು ಅನಾಹುತವಾಗುತ್ತದೆ ಎಂದು ವಿವರಿಸಿದೆ. ಹತ್ತು ಎಂದರೆ ಸಂಖ್ಯೆ. ಹತ್ತು ಎಂದರೆ ಏರು ಎಂದೂ ಆಗುತ್ತದೆ. ಅತ್ತು ಎಂದರೆ ಎರಡೂ ಅಲ್ಲ, ಅಳುವವನು ಅತ್ತು ಮುಗಿಸಿದ್ದು. ಬೀದಿಯಲ್ಲಿ ಜನ ಸೇರಿದರು. ಕಬ್ಬಿನ ಗಾಡಿಯವರು ಗಾಡಿ ನಿಲ್ಲಿಸಿದರು. ನನ್ನ ಶಾಲೆಯಲ್ಲಿ ಇಷ್ಟು ಶ್ರದ್ಧೆಯಿಂದ ಯಾರೂ ಪಾಠ ಕೇಳಿರಲಿಲ್ಲ. "ಅಂಗಾರೆ ಮೇಷ್ಟ್ರೇ, ಹಾವು ಅನ್ಬೇಕಾ ಆವು ಅನ್ಬೇಕಾ?" ಎಂದು ಒಬ್ಬ ಕೇಳಿದ. ಅದಕ್ಕೂ ಉತ್ತರ ಕೊಟ್ಟೆ. ಕೊನೆಗೆ ಶೆಟ್ಟರು ಕೈಮುಗಿದು, "ಸೋತೆ ಮೇಷ್ಟ್ರೇ. ಹತ್ತು ಅಲ್ಲ, ಅತ್ತು. ಒಪ್ಪಿಕೊಂಡೆ," ಎಂದರು. ಜನ ತಲೆದೂಗಿದರು.

ಗೆದ್ದೆ! ಪಂಚೆ ಕೊಡವಿಕೊಂಡು, ಐದು ರೂಪಾಯಿಯಿಂದ ಮಾತು ಮತ್ತೆ ಆರಂಭಿಸೋಣವೆಂದು ಅಂಗಡಿಯೊಳಗೆ ಹೋದೆ.

ಹಾಸಿನ ಮೇಲೆ ಹಸಿರು ಸೀರೆ ಇರಲಿಲ್ಲ. ಮೂಲೆಯಲ್ಲಿ ಕೂತಿದ್ದ ಗೌಡತಿಯೂ ಇರಲಿಲ್ಲ. ಗಲ್ಲಾಪೆಟ್ಟಿಗೆಯ ಬಳಿ ಕೂತಿದ್ದ ಶೆಟ್ಟರ ಅಳಿಯ ಹೇಳಿದ: "ಆ ಯಮ್ಮ ತಗೊಂಡು ಹೋದ್ರು. 'ಅತ್ತು ಅಂದ್ರಲ್ಲ ಸೆಟ್ರು, ನಂಗೇ ಕೊಡಪ್ಪ, ಅವರು ಪಾಠ ಏಳ್ಕಳ್ಳಿ' ಅಂದು ಹತ್ತು ರೂಪಾಯಿ ಎಣಿಸಿಟ್ರು."

"ಅಂಥಾದ್ದೇ ಇನ್ನೊಂದು?" ಎಂದೆ.

"ಒಂದೇ ಇದ್ದದ್ದು," ಎಂದರು ಶೆಟ್ಟರು. ಅವರ ಮುಖದಲ್ಲಿ ಗೆದ್ದ ಖುಷಿ ಇರಲಿಲ್ಲ, ನನ್ನ ಮೇಲೆ ಮರುಕವಿತ್ತು. "ಯಲಿಯೂರಿನೋರು. ರೈಲಿಗೆ ಹೋಗ್ತೀನಿ ಅಂದ್ರು. ಈಗ ಹೋದ್ರೆ ಸಿಕ್ತಾರೆ. ಹತ್ತಿ ಮೇಷ್ಟ್ರೇ, ಹತ್ತಿ!"

ಈ ಸಲ ಅರ್ಥದಲ್ಲಿ ಯಾವ ಗೊಂದಲವೂ ಇರಲಿಲ್ಲ. ಹತ್ತಿದೆ. ಬೇಗ ಹೊಡಿ ಎಂದು ದಾರಿಯುದ್ದಕ್ಕೂ ಜಟಕಾದವನನ್ನು ಅವಸರಪಡಿಸಿದೆ. ತಾಯಮ್ಮ ಈಗ ಕೊಟ್ಟಿಗೆಯಲ್ಲಿ ಕೂತು, ಹಸುವಿನ ಮೈ ಸವರುತ್ತ, ಸೀರೆ ಬರುವ ದಾರಿ ನೋಡುತ್ತಿರುತ್ತಾಳೆ. ಹಕಾರವನ್ನು ಉಳಿಸಿದೆ ಕಣೇ ಎಂದು ಅವಳಿಗೆ ಹೇಗೆ ಹೇಳುವುದು?

ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಗೌಡತಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನ ಯಾವ ಸೂತ್ರವೂ ನೆನಪಿಗೆ ಬರಲಿಲ್ಲ. ಓಡಿಹೋಗಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಹೆಂಡತಿ, ಕರು ಹಾಕಲಿರುವ ಹಸು, ಬೆಣ್ಣೆ, ತವರಿನ ಮದುವೆ, ಬಣ್ಣ ಬಿಟ್ಟ ಕೆಂಪು ಸೀರೆ, ನನ್ನ ಗುಲಾಬಿ ಪಂಚೆ, ಎಲ್ಲ.

ಅವರು ಸಾವಧಾನವಾಗಿ ಕೇಳಿದರು. "ನಿನ್ನ ಎಂಡ್ರು ಮಳವಳ್ಳಿಯೋರಾ? ಅಸ ಎಷ್ಟು ಆಲು ಕೊಡ್ತದೆ? ಕರ ಆಕ್ತಾ?" ಎಲ್ಲಕ್ಕೂ ಉತ್ತರ ಹೇಳಿದೆ. "ನಾನು ಸೊಸೆಗೆ ಅಂತ ತಕಂಡೆ ಕಣಪ್ಪ," ಎಂದರು. ಆಮೇಲೆ ತೊಡೆಯ ಮೇಲಿನ ಗಂಟನ್ನು ಒಮ್ಮೆ ಸವರಿ, "ಓಗ್ಲಿ, ಪಾಪ, ಬೆಣ್ಣೆ ಮಾರಿದವ್ಳೆ. ಅನ್ನೆರಡು ಕೊಡು, ತಕಂಡೋಗು. ಎರಡು ರೂಪಾಯಿಗೆ ನನ್ನ ಸೊಸೆಗೆ ಬಳೆ ಆಯ್ತದೆ," ಎಂದರು.

ಹನ್ನೆರಡು! ತಾಯಮ್ಮ ಹೇಳಿದ ಬೆಲೆ. ಅವಳು ಕೊಟ್ಟ ದುಡ್ಡು. ನನ್ನ ಜೇಬಿನಲ್ಲೇ ಇತ್ತು. ಕೈಯೂ ಜೇಬಿಗೆ ಹೋಯಿತು. ಆದರೆ ನಾಲಗೆ ಕೈಗಿಂತ ಮುಂದೆ ಓಡಿತು.

"ಹನ್ನೊಂದು ಮಾಡ್ಕೊಳ್ಳಿ," ಎಂದೆ.

ದೇವರಾಣೆ, ನಾನು ಹೇಳಬೇಕೆಂದು ಹೇಳಲಿಲ್ಲ. ನಾಯಿಬಾಲ ಡೊಂಕು, ಅಷ್ಟೆ.

ಗೌಡತಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಅನ್ನೆರಡೂವರೆ," ಎಂದರು.

"ಅಯ್ಯೋ, ಹನ್ನೆರಡು ಅಂದಿರಲ್ಲ!"

"ಅಂದಿದ್ದೆ. ಆಗ ನೀನು ಎಂಡ್ರಿಗೋಸ್ಕರ ಬಂದಿದ್ದೆ. ಈಗ ವ್ಯಾಪಾರಕ್ಕೆ ಬಂದಿದ್ದೀಯ."

"ಹನ್ನೊಂದೂವರೆ," ಎಂದಿತು ನನ್ನ ಬಾಯಿ.

"ಅದ್ಮೂರು," ಎಂದರು ಅವರು. ದೂರದಲ್ಲಿ ರೈಲು ಕೂಗಿತು.

ನಾನು ಇಳಿದಷ್ಟೂ ಏರುವ ಇಂಥ ಚೌಕಾಸಿಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಇನ್ನೊಂದು ಸಲ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಬಂದು ತನ್ನ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಹಾಗೆ ಮುಚ್ಚಿಕೊಂಡೇ ಇನ್ನೊಂದು ಕೈಯಿಂದ ನನ್ನ ಜೇಬಿನಲ್ಲಿದ್ದ ದುಡ್ಡು ತೆಗೆದಳು. ಹಲ್ಲಿನಿಂದ ತನ್ನ ಸೆರಗಿನ ಗಂಟು ಬಿಚ್ಚಿ ಅದಕ್ಕೆ ಒಂದು ರೂಪಾಯಿ ಸೇರಿಸಿದಳು.

"ತಕಳವ್ವ ಅದ್ಮೂರು. ಇವನ ಬಾಯಿ ಬುಟ್ರೆ ಅದ್ನಾಕಾಯ್ತದೆ. ಬಿರ್ನೆ ಸೀರೆ ಕೊಡು."

ಗೌಡತಿ ನಕ್ಕು ಸೀರೆ ಕೊಟ್ಟರು. ರೈಲು ಹತ್ತಿದ ಮೇಲೆ ಕಿಟಕಿಯಿಂದ ಬಗ್ಗಿ, "ನಿನ್ನ ಎಂಡ್ರಿಗೆ ಏಳಪ್ಪ, ಸೀರೆ ಭೋ ಚೆಂದಾಗದೆ ಅಂತ," ಎಂದರು. ರೈಲು ಯಲಿಯೂರಿನ ಕಡೆ ಹೊರಟಿತು. ಅಕ್ಕ ಆಗ ನನ್ನ ಬಾಯಿಂದ ಕೈ ತೆಗೆದಳು.

ಸಂಜೆ ಮನೆ ಸೇರುವ ಹೊತ್ತಿಗೆ ಹಸು ಕರು ಹಾಕಿತ್ತು. ಅಕ್ಕ ನೇರ ಕೊಟ್ಟಿಗೆಗೆ ಹೋದಳು. ತಾಯಮ್ಮ ಕೈತೊಳೆದುಕೊಂಡು ಬಂದು ಗಂಟು ಬಿಚ್ಚಿದಳು. ಸೀರೆಯನ್ನು ಎದೆಗೆ ಹಿಡಿದುಕೊಂಡು ನಿಂತಳು. ಅವಳ ಮುಖ ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಹದಿಮೂರಲ್ಲ, ಮೂವತ್ತಾದರೂ ಕೊಡಬಹುದಿತ್ತು ಅನ್ನಿಸಿತು. ಜಗಲಿಯ ಮೇಲೆ ಕೂತು ನೀರು ಕುಡಿಯುತ್ತಿದ್ದೆ.

"ಎಷ್ಟಕ್ಕೆ ಕೊಟ್ರು, ಏಳಿ," ಎಂದಳು.

ಎದ್ದು ನಿಂತೆ.

"ಯಾಕೆ ಎದ್ರಿ?"

ಅವತ್ತಿನ ದಿನ ಆ ಪದ ಕೇಳಿದರೆ ನನ್ನ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಹತ್ತು!" ಎಂದೆ, ಹಕಾರವನ್ನು ಸ್ಪಷ್ಟವಾಗಿ ಉಚ್ಚರಿಸಿ.

"ಅತ್ತಾ!" ತಾಯಮ್ಮನ ಕಣ್ಣು ಅರಳಿತು. ಮದುವೆಯಾದಾಗಿನಿಂದ ಅವಳು ನನ್ನ ವಿದ್ಯೆಯನ್ನು ಮೆಚ್ಚಿದ್ದು ಅದೇ ಮೊದಲು. ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅವಳು ಕೈ ಚಾಚಿದಳು. "ಅಂಗಾರೆ ಮಿಕ್ಕ ಎರಡು ರೂಪಾಯಿ?"

ನಾಳೆ ಕೊಡುತ್ತೇನೆ ಎಂದೆ. ಮಾರನೆಯ ದಿನ ಹೆಡ್‌ಮಾಸ್ಟರ ಹತ್ತಿರ ಮೂರು ರೂಪಾಯಿ ಕೈಗಡ ತಂದೆ. ಎರಡು ಹೆಂಡತಿಗೆ, ಒಂದು ಅಕ್ಕನಿಗೆ. ಹತ್ತಕ್ಕೆ ಕೈಗೆ ಬಂದಿದ್ದ ಸೀರೆಯನ್ನು ಎದ್ದೂ ಕೂತೂ ಹದಿನೈದಕ್ಕೆ ಏರಿಸಿದ ಕೀರ್ತಿ ಇಡೀ ಮದ್ದೂ‍ರು ಸೀಮೆಯಲ್ಲಿ ನನ್ನೊಬ್ಬನದೇ ಇರಬೇಕು.

ಮಳವಳ್ಳಿಯ ಮದುವೆಮನೆಯಲ್ಲಿ ಆ ಸೀರೆ ಬಹಳ ಹೆಸರು ಮಾಡಿತು. ತಾಯಮ್ಮ ಚಪ್ಪರದ ಕೆಳಗೆ ಬಂದು ನಿಂತಾಗ ಹೆಂಗಸರು ಅಂಚು ಮುಟ್ಟಿ ನೋಡಿದರು. ಅವಳ ಅವ್ವ ದೂರದಿಂದ ಮಗಳನ್ನು ನೋಡುತ್ತ ನಿಂತದ್ದನ್ನು ನಾನೂ ನೋಡಿದೆ. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ತಾಯಮ್ಮ ಯಾರಿಗೋ, "ಅತ್ತೇ ರೂಪಾಯಿ ಕಣಮ್ಮ, ನಮ್ಮೋರು ತಂದಿದ್ದು," ಎಂದು ಹೇಳಿದ್ದು ಕಿವಿಗೆ ಬಿತ್ತು. ನಾನು ಚಪ್ಪರದ ಕಂಬದ ಹಿಂದೆ ಸರಿದೆ.

ಊಟದ ಹೊತ್ತಿಗೆ ಅತ್ತೆಯವರು ನನ್ನನ್ನು ಹುಡುಕಿಕೊಂಡು ಬಂದರು. ಹಿಂದೆ ತಾಯಮ್ಮನ ಚಿಕ್ಕವ್ವ, ಅವರ ಹಿಂದೆ ಸೋದರತ್ತೆ. ಮೂವರ ಕೈಯಲ್ಲೂ ಗಂಟು.

"ಅಳಿಯಂದ್ರೇ, ತಪ್ಪು ತಿಳ್ಕಬ್ಯಾಡಿ," ಎಂದರು ಅತ್ತೆ. "ಅಂತದೇ ಸೀರೆ ನಮಗೂ ಒಂದೊಂದು ತಂದ್ಕೊಡಿ. ತಕಳಿ, ತಲಾ ಅತ್ತು ರೂಪಾಯಿ ಅದೆ."

ಮೂರು ಸೀರೆ! ಯಲಿಯೂರಿನ ಗೌಡತಿಯ ಮುಖ ಕಣ್ಣ ಮುಂದೆ ಬಂತು. ಹೆಡ್‌ಮಾಸ್ಟರ ಮುಖವೂ ಬಂತು. ಆಗ ತಾಯಮ್ಮ ಅಲ್ಲಿಗೆ ಬಂದು ನನ್ನನ್ನೊಮ್ಮೆ ನೋಡಿ, ಅವ್ವನ ಕೈ ಹಿಡಿದಳು. "ಅಂತಾದ್ದು ಒಂದೇ ಇತ್ತಂತೆ ಕಣವ್ವ. ಇಲ್ದಿದ್ರೆ ಇವ್ರು ಬುಡ್ತಿದ್ರಾ?" ಎಂದಳು. ಹೆಂಗಸರು ನಿರಾಸೆಯಿಂದ ಗಂಟು ಕಟ್ಟಿಕೊಂಡು ಹೋದರು.

ನಾನು ಅವಳನ್ನು ಉಗ್ರಾಣದ ಹಿಂದಕ್ಕೆ ಕರೆದೆ. "ಒಂದೇ ಇತ್ತು ಅಂತ ನಿನಗೆ ಯಾರು ಹೇಳಿದರು?"

"ನಿಮ್ಮಕ್ಕ. ಅವತ್ತೇ, ಕೊಟ್ಟಿಗೇಲಿ. ಎಲ್ಲಾ ಏಳುದ್ರು." ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಎಲ್ಲಾ ಗೊತ್ತಿದ್ದೂ ನನ್ನ ಹತ್ತಿರ ಎರಡು ರೂಪಾಯಿ ಇಸಿದುಕೊಂಡೆಯಾ?"

"ಅತ್ತು ಅಂದೋರು ನೀವು. ನಾನೇನು ಚೌಕಾಸಿ ಮಾಡಿದ್ನಾ? ನೀವು ಏಳಿದ ಬೆಲೆ ಒಪ್ಕಂಡೆ."

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಹೋಗಲಿ, ಒಂದು ರೂಪಾಯಿಯಾದರೂ ವಾಪಸು ಕೊಡು," ಎಂದೆ. ಅವಳು ತಲೆಯಾಡಿಸಿದಳು. "ಎಂಟಾಣೆ?" ಎಂದೆ. ಇಲ್ಲ. ನಾಲ್ಕಾಣೆಗೆ ಇಳಿದೆ. ಅದಕ್ಕೂ ಇಲ್ಲ. ಕೊನೆಗೆ ಅವಳು ಪಕ್ಕದಲ್ಲಿದ್ದ ತಾಂಬೂಲದ ತಟ್ಟೆಯಿಂದ ಒಂದು ಚೂರು ಅಡಿಕೆ ತೆಗೆದು ನನ್ನ ಅಂಗೈಗೆ ಹಾಕಿದಳು.

"ತಕಳಿ, ಕೊಸರು," ಎಂದು ಹೇಳಿ, ಹಸಿರು ಸೆರಗು ಸರಿಮಾಡಿಕೊಂಡು ಚಪ್ಪರದ ಕಡೆ ಹೋದಳು.

ಸಿಕ್ಕಿದ್ದೇ ಲಾಭವೆಂದು ಬಾಯಿಗೆ ಹಾಕಿಕೊಂಡೆ.